ಕಪ್ಪತಗುಡ್ಡದ ನೆರಳೂ ಆಕಾಶದ ಟವರೂ

ದೂರದವರೊಡನೆ ಮಾತಾಡುವ ಸೌಕರ್ಯವು ಈಗ ಭೋಗದ ವಸ್ತುವಾಗಿ ಉಳಿದಿಲ್ಲ. ಅದು ನೀರು, ದಾರಿ, ದೀಪಗಳ ಸಾಲಿಗೆ ಸೇರಿಹೋಗಿದೆ. 1995ರ ಜುಲೈ 31ರಂದು ಕಲಕತ್ತೆಯಿಂದ ದಿಲ್ಲಿಗೆ ನಮ್ಮ ದೇಶದ ಮೊದಲನೆಯ ಮೊಬೈಲ್ ಕರೆಯು ಹೋದಾಗ ಅದು ಧನಿಕರ ಸೊಗಸಾಗಿದ್ದಿತು. ಇಂದು ಪಡಿತರ ಅಂಗಡಿಯ ಮುಂದೆ ಬೆರಳೊತ್ತಿ ನಿಂತ ಮುದುಕಿಗೆ ಅಕ್ಕಿ ದೊರೆಯುವದೂ, ಹೆರಿಗೆಯ ಬೇನೆ ತಿನ್ನುವ ಹೆಣ್ಣುಮಗಳ ಮನೆಗೆ 108ರ ಗಾಡಿ ಬರುವದೂ, ರೈತನ ಖಾತೆಗೆ ಹಣ ಬಿದ್ದ ಸುದ್ದಿ ತಿಳಿಯುವದೂ ಅದೇ ಕಾಣದ ಅಲೆಯ ಮೇಲೆ ನಿಂತಿವೆ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಕೆಲಸಗಾರರ ಹಾಜರಿಯನ್ನು ಮೊಬೈಲಿನಲ್ಲಿ ಚಿತ್ರ ಸಹಿತವಾಗಿಯೇ ತೆಗೆಯತಕ್ಕದ್ದೆಂದು ಸರಕಾರವು ಕಡ್ಡಾಯ ಮಾಡಿತು. ಹೀಗೆ ಸರಕಾರವು ತನ್ನ ಕಚೇರಿಯನ್ನೇ ಮೊಬೈಲಿನೊಳಗೆ ತಂದು ಇಟ್ಟ ಮೇಲೆ, ಅಲೆಯು ಮುಟ್ಟದ ಹಳ್ಳಿಯೆಂದರೆ ಸರಕಾರವೇ ಮುಟ್ಟದ ಹಳ್ಳಿಯೆಂದು ಹೇಳಬೇಕಾಗುವದು. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಸೀಮೆಯಲ್ಲಿ ಮಗಳು ರಸ್ತೆಯ ಬದಿಗೆ ಕುಳಿತು ಪಾಠ ಕೇಳುತ್ತಿರಲು, ತಂದೆಯು ಕೊಡೆ ಹಿಡಿದು ನಿಂತಿದ್ದ ಚಿತ್ರವು ನಾಡಿನ ತುಂಬ ಹರಡಿದ್ದನ್ನು ವಾಚಕರು ಮರೆತಿರಲಾರರು.

ಮಲೆನಾಡಿನ ಕಷ್ಟವು ಮಲೆನಾಡಿನದು, ಬಯಲುಸೀಮೆಯವರಾದ ನಮಗೇನು ಎಂದು ಗದಗ-ಬೆಟಗೇರಿಯ ಪೇಟೆಯಲ್ಲಿ ಕುಳಿತವರು ಎಣಿಸುವದು ಸಹಜವು. ಆದರೆ ನಮ್ಮ ಜಿಲ್ಲೆಯ ನಡುವೆ ಕಪ್ಪತಗುಡ್ಡವು ಮಲಗಿದೆಯೆಂಬದನ್ನು ಅವರು ಲಕ್ಷಿಸಬೇಕು. ಗದಗಿನ ಹತ್ತಿರದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನ ವರೆಗೆ ಸುಮಾರು 60 ಕಿಲೋಮೀಟರು ಉದ್ದಕ್ಕೆ ಈ ಸಾಲು ಹಬ್ಬಿದ್ದು, ಶಿರಹಟ್ಟಿಯ ಸೀಮೆಯನ್ನು ಒಂದು ಮಗ್ಗುಲಿಗೂ ಮುಂಡರಗಿ-ಡಂಬಳಗಳನ್ನು ಇನ್ನೊಂದು ಮಗ್ಗುಲಿಗೂ ಬೇರ್ಪಡಿಸಿದೆ. ಮೊಬೈಲಿನ ಅಲೆಯು ಬಹುಮಟ್ಟಿಗೆ ಬೆಳಕಿನಂತೆ ನೆಟ್ಟಗೆ ಸಾಗತಕ್ಕದ್ದು. ಗುಡ್ಡವನ್ನು ಬಳಸಿ ಹೋಗಲು ಅದಕ್ಕೆ ಬಾರದು. ಒಂದು ಮಗ್ಗುಲಲ್ಲಿ ನಿಲ್ಲಿಸಿದ ಟವರಿಗೆ ಇನ್ನೊಂದು ಮಗ್ಗುಲಿನ ಕಣಿವೆಯು ನೆರಳೇ ಸರಿ. ಮೇಲಾಗಿ ನಮ್ಮ ಹಳೆಯ ಮೇಲ್ಮುದ್ದೆಯ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಗೋಡೆಗಳು ಬೇಸಿಗೆಯ ಬಿಸಿಲನ್ನು ತಡೆದಂತೆಯೇ ಈ ಅಲೆಯನ್ನೂ ತಡೆಯುತ್ತವೆ. ಅಂಗಳದಲ್ಲಿ ಕೇಳಿದ ಮಾತು ಪಡಸಾಲೆಯಲ್ಲಿ ಕಡಿಯುವದಕ್ಕೆ ಇದೇ ಕಾರಣವು.

ಹಾಗಾದರೆ ಗುಡ್ಡದ ನೆತ್ತಿಯ ಮೇಲೆಯೇ ಟವರು ನಿಲ್ಲಿಸಬಾರದೇ ಎಂದು ಕೇಳುವವರುಂಟು. ಈ ಪ್ರಶ್ನೆಯು ಸುಲಭವಾದುದಲ್ಲ. ಕಪ್ಪತಗುಡ್ಡವು ಔಷಧಿ ಸಸ್ಯಗಳ ಭಂಡಾರವು. 2011ರಲ್ಲಿ ಹಳ್ಳಿಗುಡಿಯ ಹತ್ತಿರ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಯು ಬರಲಿದ್ದಾಗ ತೋಂಟದಾರ್ಯ ಮಠದ ಜಗದ್ಗುರುಗಳ ಮುಂದಾಳುತನದಲ್ಲಿ ಜನರು ಎದ್ದು ನಿಂತು ಆ ಯೋಜನೆಯನ್ನು ಹಿಮ್ಮೆಟ್ಟಿಸಿದರು. 2019ರಲ್ಲಿ ಈ ಗುಡ್ಡದ 244 ಚದರ ಕಿಲೋಮೀಟರು ಪ್ರದೇಶವು ವನ್ಯಜೀವಿ ಧಾಮವೆಂದು ಘೋಷಿತವಾಯಿತು. ಟವರೆಂದರೆ ಬರಿಯ ಕಬ್ಬಿಣದ ಕಂಬವಲ್ಲ. ಅದಕ್ಕೆ ದಾರಿ ಬೇಕು, ವಿದ್ಯುತ್ತಿನ ತಂತಿ ಬೇಕು, ಡೀಸೆಲ್ ಒಯ್ಯುವ ಗಾಡಿ ಬೇಕು. ಕಾಡನ್ನು ಕಾದುಕೊಂಡ ಜನರೇ ಅದರ ಫಲವಾಗಿ ಮಾತಿನಿಂದ ವಂಚಿತರಾಗಬೇಕೇ, ಅಥವಾ ಮಾತಿಗಾಗಿ ಕಾಡನ್ನು ಬಿಟ್ಟುಕೊಡಬೇಕೇ ಎಂಬ ಇಕ್ಕಟ್ಟು ಇಲ್ಲಿಯದು. ಈ ಇಕ್ಕಟ್ಟಿಗೆ ಡ್ರೋನ್, ಎಂದರೆ ಚಾಲಕನಿಲ್ಲದ ಚಿಕ್ಕ ವಿಮಾನವು, ಉತ್ತರವಾಗಬಲ್ಲದೇ ಎಂಬದನ್ನು ನಾವು ಇಂದು ವಿಚಾರಿಸಬಯಸುತ್ತೇವೆ.

ಹೊರದೇಶಗಳಲ್ಲಿ ಇದರ ಪ್ರಯೋಗವು ನಡೆದುಹೋಗಿದೆ. 2017ರಲ್ಲಿ ಮರಿಯಾ ಎಂಬ ಚಂಡಮಾರುತವು ಪೋರ್ಟೊರಿಕೊ ದ್ವೀಪವನ್ನು ಹಾಳುಗೆಡವಿದಾಗ, ಅಮೇರಿಕದ ಎಟಿ ಅಂಡ್ ಟಿ ಕಂಪನಿಯು ನವಂಬರ ತಿಂಗಳಲ್ಲಿ ಹಗ್ಗದಂಥ ತಂತಿಗೆ ಕಟ್ಟಿದ ಡ್ರೋನೊಂದನ್ನು ಸುಮಾರು 200 ಅಡಿ ಎತ್ತರಕ್ಕೆ ಏರಿಸಿ ಸುತ್ತಲಿನ ಜನರಿಗೆ ಮಾತನ್ನು ಒದಗಿಸಿತು. 2021ರ ಜುಲೈ 21ರಂದು ಚೀನದ ಹೆನಾನ್ ಪ್ರಾಂತದ ಮಹಾಪೂರದಲ್ಲಿ ಸಿಕ್ಕಿಬಿದ್ದ ಮಿಹೆ ಎಂಬ ಊರಿನ ಮೇಲೆ ವಿಂಗ್ ಲೂಂಗ್ ಎಂಬ ದೊಡ್ಡ ಡ್ರೋನು ಗಿರಕಿ ಹೊಡೆಯುತ್ತ ಸುಮಾರು 5 ತಾಸು, ಸುಮಾರು 50 ಚದರ ಕಿಲೋಮೀಟರಿನಷ್ಟು ಸೀಮೆಗೆ ಅಲೆಯನ್ನು ಕೊಟ್ಟಿತು. 2024ರ ಜನವರಿ 1ರಂದು ಜಪಾನದ ನೋಟೋ ಪ್ರದೇಶವು ಭೂಕಂಪಕ್ಕೆ ಈಡಾದಾಗ ಅಲ್ಲಿಯ ಸಾಫ್ಟ್‌ಬ್ಯಾಂಕ್ ಕಂಪನಿಯೂ ತಂತಿ ಕಟ್ಟಿದ ಡ್ರೋನನ್ನೇ ಹೂಡಿತು. ಈ ಮೂರು ಉದಾಹರಣೆಗಳೂ ಆಪತ್ಕಾಲದವು ಎಂಬದನ್ನು ವಾಚಕರು ಗಮನದಲ್ಲಿಡಬೇಕು. ಏಕೆಂದರೆ ನಮ್ಮ ಮುಂದಿನ ವಿಚಾರವೆಲ್ಲ ಈ ಮಾತಿನ ಮೇಲೆ ನಿಂತಿದೆ.

ಇದರ ತತ್ತ್ವವು ಸರಳವಾದುದು. ದೀಪವನ್ನು ಎತ್ತರಕ್ಕೆ ಏರಿಸಿದಷ್ಟೂ ಅದು ದೂರಕ್ಕೆ ಕಾಣುವದು. ಭೂಮಿಯು ಗುಂಡಗಿರುವದರಿಂದ, 40 ಮೀಟರಿನ ಟವರಿನ ತುದಿಯಿಂದ ಬಟ್ಟಬಯಲಿನಲ್ಲಿ ಅಲೆಯು ನೆಟ್ಟಗೆ ಕಾಣಬಹುದಾದ ದೂರವು ಸುಮಾರು 26 ಕಿಲೋಮೀಟರು. 120 ಮೀಟರಿನಿಂದಾದರೆ ಸುಮಾರು 45. ಇದು ಲೆಕ್ಕದ ಪರಮಾವಧಿಯೇ ಹೊರತು, ಕೈಯಲ್ಲಿಯ ಸಣ್ಣ ಮೊಬೈಲು ಅಷ್ಟು ದೂರದಿಂದ ಮರುಮಾತು ಕಳಿಸಲಾರದು. ಆದರೂ ಮೇಲಿನಿಂದ ಇಳಿದು ಬರುವ ಅಲೆಗೆ ಗುಡ್ಡ, ಗಿಡ, ಮನೆಗಳ ಅಡ್ಡಿಯು ಕಡಿಮೆಯೆಂಬದು ನಿಶ್ಚಯವು. ಡ್ರೋನಿನ ಮೇಲೆ ಕೂಡಿಸಿದ ಪೆಟ್ಟಿಗೆಯು ಚಿಕ್ಕದೊಂದು ಟವರಿನ ಕೆಲಸವನ್ನೇ ಮಾಡುವದು. ಆದರೆ ಅದಕ್ಕೆ ಬೆನ್ನ ಹಿಂದಿನ ದಾರಿಯೊಂದು ಬೇಕು. ಜನರಿಂದ ಬಂದ ಮಾತನ್ನು ಅದು ತಂತಿಯ ಮೂಲಕವಾಗಲಿ, ಇನ್ನೊಂದು ಟವರಿನ ಮೂಲಕವಾಗಲಿ, ಉಪಗ್ರಹದ ಮೂಲಕವಾಗಲಿ ಮೂಲ ಜಾಲಕ್ಕೆ ಮುಟ್ಟಿಸಲೇಬೇಕು. ಆ ದಾರಿಯಿಲ್ಲದಿದ್ದರೆ ಆಕಾಶದಲ್ಲಿ ಎಷ್ಟು ಎತ್ತರಕ್ಕೆ ಏರಿದರೂ ಅದು ಬಾಯಿಲ್ಲದ ಗೂಡೇ ಸರಿ.

ಇನ್ನು ಅಡಚಣಿಗಳನ್ನು ನೋಡುವ. ಬ್ಯಾಟರಿಯ ಮೇಲೆ ಹಾರುವ ಸಾಮಾನ್ಯ ಡ್ರೋನು ಅರ್ಧ ತಾಸು ಹಾರಿತೆಂದರೆ ಹೆಚ್ಚಾಯಿತು. ಒಂದು ಹಳ್ಳಿಗೆ ಹಗಲಿರುಳು ಅಲೆ ಕೊಡಬೇಕೆಂದರೆ ದಿನಕ್ಕೆ 48 ಸಲ ಒಂದನ್ನಿಳಿಸಿ ಇನ್ನೊಂದನ್ನೇರಿಸಬೇಕು. ಈ ಕೆಲಸಕ್ಕೆ ನಿಲ್ಲುವ ಜನರ ಸಂಬಳದಲ್ಲಿ ಕೆಲವೇ ವರುಷಗಳಲ್ಲಿ ಟವರೊಂದು ಎದ್ದು ನಿಲ್ಲಬಹುದು. ನೆಲದಿಂದ ತಂತಿಯ ಮೂಲಕ ವಿದ್ಯುತ್ತು ಕೊಟ್ಟರೆ ಈ ಕಷ್ಟವು ನೀಗುವದು. ಆದರೆ ಸಿಡಿಲಿನ ಕಾಲದಲ್ಲಿ ಆಕಾಶಕ್ಕೆ ತಂತಿ ಕಟ್ಟಿ ನಿಲ್ಲುವದು ಜಾಣತನವಲ್ಲ. ಗಾಳಿಯ ವಿಷಯವನ್ನಂತೂ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಯೇ ಇಲ್ಲ. ಕಪ್ಪತಗುಡ್ಡದ ಮೇಲೆ ಸಾಲಾಗಿ ನಿಂತು ತಿರುಗುವ ಗಾಳಿಯಂತ್ರಗಳೇ ಅಲ್ಲಿಯ ಗಾಳಿಯ ಬಲಕ್ಕೆ ಸಾಕ್ಷಿಯು. ವಿದ್ಯುತ್ತು ಮಾಡುವವರಿಗೆ ಯಾವ ಗಾಳಿಯು ಭಾಗ್ಯವಾಯಿತೋ ಅದೇ ಗಾಳಿಯು ಸಣ್ಣ ಡ್ರೋನಿಗೆ ಶತ್ರುವು. ಸಾಲದುದಕ್ಕೆ, ಎತ್ತರದಲ್ಲಿರುವ ಪೆಟ್ಟಿಗೆಯು ಹತ್ತಾರು ಟವರುಗಳನ್ನು ಒಮ್ಮೆಗೇ ಕಾಣುವದರಿಂದ, ಅಲೆಗಳನ್ನು ಸರಿಯಾಗಿ ಹಂಚಿಕೊಡದಿದ್ದರೆ ಅದು ಇದ್ದ ಮಾತನ್ನೂ ಕೆಡಿಸಬಹುದು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಫೇಸ್‌ಬುಕ್ ಕಂಪನಿಯು ಅಕ್ವಿಲಾ ಎಂಬ ಸೌರಶಕ್ತಿಯ ವಿಮಾನವನ್ನು 2016ರಲ್ಲಿ ಹಾರಿಸಿ, 2018ರಲ್ಲಿ ಆ ಕೆಲಸವನ್ನು ಕೈಬಿಟ್ಟಿತು. ಗೂಗಲ್ ಬಳಗದ ಲೂನ್ ಎಂಬ ಬಲೂನುಗಳು ಪೋರ್ಟೊರಿಕೊದಲ್ಲಿ ಉಪಯೋಗಕ್ಕೆ ಬಂದು, 2020ರಲ್ಲಿ ಕೀನ್ಯಾ ದೇಶದ ಹಳ್ಳಿಗಳಿಗೂ ಅಲೆಯನ್ನು ಕೊಟ್ಟವು. ಆದರೆ ಖರ್ಚನ್ನು ಇಳಿಸಲಾಗದೆ 2021ರ ಜನವರಿಯಲ್ಲಿ ಅದನ್ನೂ ಮುಚ್ಚುವದಾಗಿ ಸಾರಲಾಯಿತು. ಯಂತ್ರವು ಹಾರದೆ ಅವು ನಿಂತವೆಂದಲ್ಲ. ಬಡವನು ಕೊಡಬಲ್ಲ ಬೆಲೆಗೆ ಅವು ಇಳಿಯಲಿಲ್ಲವೆಂಬದೇ ಲೂನಿನ ಕಥೆಯ ಸಾರವು. ಪರಕೀಯ ಕಂಪನಿಯ ಉದಾರತೆಯನ್ನು ನಂಬಿ ಕುಳಿತ ಹಳ್ಳಿಗೆ, ಆ ಕಂಪನಿಯು ಲೆಕ್ಕ ತೀರಿಸಿ ಎದ್ದುಹೋದ ದಿವಸ ಕೇಳುವವರಾರೂ ಇರುವದಿಲ್ಲ.

ಆದಕಾರಣ ಸ್ವದೇಶದಲ್ಲಿ ಏನು ನಡೆದಿದೆಯೆಂಬದು ನಮಗೆ ಮುಖ್ಯವಾದ ಸಂಗತಿ. ಕನ್ನಡಿಗರಿಗೆ ಆಕಾಶದ ಮಾತು ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಉತ್ಸಾಹದಿಂದ ರೇಡಿಯೋ ಕೇಂದ್ರವನ್ನು ತೆರೆದಾಗ ಬಳಕೆಗೆ ಬಂದ ಆಕಾಶವಾಣಿ ಎಂಬ ಹೆಸರೇ ಮುಂದೆ ದೇಶಕ್ಕೆಲ್ಲ ಹೆಸರಾಯಿತು. ಈಗ ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದವರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಪರೀಕ್ಷಾ ಕ್ಷೇತ್ರದಲ್ಲಿ, 2024ರ ಆರಂಭದಲ್ಲಿ, ಸೌರಶಕ್ತಿಯ ವಿಮಾನದ ಚಿಕ್ಕ ಮಾದರಿಯೊಂದನ್ನು ಎಂಟೂವರೆ ತಾಸು ಹಾರಿಸಿದರು. ಅದರ ರೆಕ್ಕೆಗಳ ಹರವು ಸುಮಾರು 12 ಮೀಟರು, ತೂಕವು ಸುಮಾರು 23 ಕಿಲೋ, ಏರಿದ ಎತ್ತರವು ಸುಮಾರು 3 ಕಿಲೋಮೀಟರು. ಪೂರ್ಣ ಪ್ರಮಾಣದ ವಿಮಾನವು 20 ಕಿಲೋಮೀಟರಿಗೂ ಮೇಲೆ, ಮೋಡ-ಬಿರುಗಾಳಿಗಳ ಆಚೆಗೆ, 90 ದಿವಸ ನಿಲ್ಲಬೇಕೆಂಬದು ಅವರ ಗುರಿಯು. ಇದು ಬರಿಯ ಕನಸಲ್ಲ. ಏರ್‌ಬಸ್ ಕಂಪನಿಯ ಝೆಫರ್ ಎಂಬ ಇಂಥದೇ ವಿಮಾನವು 2022ರಲ್ಲಿ ಅಮೇರಿಕದ ಆಕಾಶದಲ್ಲಿ 64 ದಿವಸ ಇಳಿಯದೆ ಹಾರಿತು. ಅಂಥದೊಂದು ಶಿರಹಟ್ಟಿಯ ನೆತ್ತಿಯ ಮೇಲೆ ನಿಂತು 50 ಕಿಲೋಮೀಟರಿನ ಸುತ್ತಳತೆಗೆ ಅಲೆ ಸುರಿದರೆ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಮುಂಡರಗಿಗಳು ಮೂರೂ ಅದರೊಳಗೆ ಬರುವವು. ಗುಡ್ಡದ ನೆರಳು ಬಹುಮಟ್ಟಿಗೆ ಕರಗುವದು. ಚಳ್ಳಕೆರೆಯ ಈ ಕೆಲಸಕ್ಕೆ ಸರಕಾರವು ಹಣವನ್ನು ಹಿಡಿತವಿಲ್ಲದೆ ಕೊಡಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಆದರೆ ಅದು ಬರುವ ವರೆಗೆ ಹಳ್ಳಿಯು ಕಾದು ಕುಳಿತಿರಬೇಕೆಂಬ ಮಾತನ್ನು ನಾವು ಒಪ್ಪೆವು.

ಕಾಯದೆ ಇಂದೇ ಮಾಡಬಹುದಾದ ಕೆಲಸವೊಂದುಂಟು. ಡ್ರೋನು ಅಲೆಯನ್ನು ಕೊಡದಿದ್ದರೂ ಅಳೆಯಬಲ್ಲದು. ಅಲೆಯ ಬಲವನ್ನು ಗುರುತಿಸುವ ಉಪಕರಣವನ್ನು ಅದಕ್ಕೆ ಕಟ್ಟಿ ಕಣಿವೆ-ಕಣಿವೆಗಳ ಮೇಲೆ ಹಾರಿಸಿದರೆ, ಎಲ್ಲಿ ಮಾತು ಕೇಳುವದು, ಎಲ್ಲಿ ಕಡಿಯುವದು, ಯಾವ ಟವರಿನ ಆ್ಯಂಟೆನಾ ಯಾವ ದಿಕ್ಕಿಗೆ ವಾಲಿದೆ ಎಂಬ ಯಾವತ್ತೂ ಸಂಗತಿಗಳ ನಕಾಶೆಯು ಕೆಲವೇ ದಿವಸಗಳಲ್ಲಿ ಸಿದ್ಧವಾಗುವದು. ಎರಡು ಟವರುಗಳು ಒಂದನ್ನೊಂದು ನೆಟ್ಟಗೆ ಕಾಣುವವೋ ಇಲ್ಲವೋ ಎಂಬದನ್ನು ಕಂಬ ಹುಗಿಯುವ ಮೊದಲೇ ಡ್ರೋನು ಏರಿ ಹೇಳಬಲ್ಲದು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ-ಹಿತ್ತಲುಗಳನ್ನು ಡ್ರೋನುಗಳಿಂದಲೇ ಅಳೆಯಲಾಯಿತು. ಕರ್ನಾಟಕವು ಅದರ ಮೊದಲ ರಾಜ್ಯಗಳಲ್ಲಿ ಒಂದಾಗಿದ್ದಿತು. ಮನೆಯ ಗಡಿಯನ್ನು ಅಳೆದವರಿಗೆ ಮಾತಿನ ಗಡಿಯನ್ನು ಅಳೆಯುವದು ಅಸಾಧ್ಯವೇ? ಆದರೆ ಇಲ್ಲಿ ಒಂದು ಎಚ್ಚರವು ಅವಶ್ಯವು. ಅರವತ್ತು ಮೀಟರು ಮೇಲೆ ಹಾರುವ ಡ್ರೋನಿಗೆ ಚೆನ್ನಾಗಿ ಕೇಳಿದ್ದು ಮಾಳಿಗೆಯೊಳಗಿನ ಮನುಷ್ಯನಿಗೆ ಕೇಳಲಾರದು. ಆದ್ದರಿಂದ ಮೇಲಿನ ಅಳತೆಯ ಜೊತೆಗೆ ಓಣಿ-ಓಣಿಯಲ್ಲಿ ಕಾಲ್ನಡಿಗೆಯ ಅಳತೆಯನ್ನೂ ಕೂಡಿಸಿ ನೋಡತಕ್ಕದ್ದು. ಹಾಗೆ ಮಾಡದೆ ಮೇಲಿನ ಅಂಕಿಗಳನ್ನೇ ತೋರಿಸಿ ಎಲ್ಲವೂ ಸರಿಯಾಗಿದೆಯೆಂದು ವರದಿ ಬರೆಯುವದು ಜನರ ಕಣ್ಣಿಗೆ ಮಣ್ಣೆರಚಿದಂತೆ ಆಗುವದು.

ಕಾಡು-ಮಾತುಗಳ ಇಕ್ಕಟ್ಟಿಗೆ ನಾವು ಕಾಣುವ ಪರಿಹಾರವೂ ಈ ಅಳತೆಯಲ್ಲಿಯೇ ಇದೆ. ಗುಡ್ಡದ ನೆತ್ತಿಯೊಂದೇ ಎತ್ತರವಲ್ಲ. ಧಾಮದ ಗಡಿಯ ಹೊರಗೆ ಕಡಕೋಳ, ಡೋಣಿ, ಡಂಬಳಗಳ ಕಡೆಗೆ ಯಾವ ದಿಣ್ಣೆಯಿಂದ ಯಾವ ಕಣಿವೆಯು ಕಾಣುವದೆಂಬದನ್ನು ಡ್ರೋನಿನಿಂದ ಅಳೆದು, ಚಿಕ್ಕ ಚಿಕ್ಕ ಕಂಬಗಳನ್ನು ತಕ್ಕ ಸ್ಥಳದಲ್ಲಿ ಹೂಡಿದರೆ, ಕಾಡಿನೊಳಗೆ ದಾರಿ ಕಡಿಯುವ ಅವಶ್ಯಕತೆಯು ಬಹುಮಟ್ಟಿಗೆ ತಪ್ಪಬಹುದು. ಟೆಲಿಫೋನ್ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಹೊರಡಿಸಿದ ನಿಯಮಗಳ ಮೇರೆಗೆ ಕಂಪನಿಗಳು ತಮ್ಮ ಅಲೆಯು ಎಲ್ಲೆಲ್ಲಿ ಇದೆಯೆಂಬ ನಕಾಶೆಯನ್ನು ಪ್ರಕಟಿಸತಕ್ಕದ್ದಾಗಿದೆ. ಇದು ಒಳ್ಳೆಯ ಕಟ್ಟಳೆಯು. ಆದರೆ ಮಾರುವವನ ತಕ್ಕಡಿಯನ್ನು ಕೊಳ್ಳುವವನೂ ಒಮ್ಮೆ ಎತ್ತಿ ನೋಡಬೇಕಾಗುವದು. ಜಿಲ್ಲಾಡಳಿತವು ತನ್ನದೇ ಅಳತೆಯನ್ನು ಮಾಡಿಸಿ, ಕಂಪನಿಯ ನಕಾಶೆಯ ಪಕ್ಕಕ್ಕೆ ಅದನ್ನು ಇಟ್ಟು, ಹಳ್ಳಿ-ಹಳ್ಳಿಯ ಚಾವಡಿಯಲ್ಲಿ ತೂಗಹಾಕಲಿ.

ಹಣವೆಲ್ಲಿಂದ ಬರಬೇಕೆಂದು ಅಧಿಕಾರಿಗಳು ಕೇಳುವರು. ಕಂಪನಿಗಳು ತಮ್ಮ ಆದಾಯದ ನೂರಕ್ಕೆ 5ರಷ್ಟನ್ನು ಹಳ್ಳಿಗಾಡಿನ ಸೇವೆಗಾಗಿ ಮೀಸಲಾದ ನಿಧಿಗೆ ಸಲ್ಲಿಸುತ್ತ ಬಂದಿವೆ. 2023ರ ಟೆಲಿಕಮ್ಯುನಿಕೇಶನ್ ಕಾಯಿದೆಯಿಂದ ಅದಕ್ಕೆ ಡಿಜಿಟಲ್ ಭಾರತ ನಿಧಿಯೆಂಬ ಹೆಸರು ಬಂದಿತು. 2022ರ ಜುಲೈ 27ರಂದು ಕೇಂದ್ರ ಮಂತ್ರಿಮಂಡಲವು ಅಲೆಯಿಲ್ಲದ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟು, ಕೆಲಸವನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿತು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಯಂತ್ರಗಳಲ್ಲಿ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಕಂಪನಿಯ ಪಾಲೂ ಇದೆಯೆಂಬದು ನಮಗೆ ಅಭಿಮಾನದ ಸಂಗತಿ. ಹಣವೂ ಇದೆ, ಯಂತ್ರವೂ ಇದೆ; ಕೇಳುವ ಬಾಯಿ ಮಾತ್ರ ಬೇಕಾಗಿದೆ. ಇಡಿಯ ಕಂದಾಯ ಗ್ರಾಮವನ್ನು ಒಂದೇ ಎಣಿಕೆಯಲ್ಲಿ ಹಿಡಿದರೆ ಅದರ ತಾಂಡಾಗಳೂ ಮಜರೆಗಳೂ ಲೆಕ್ಕದಿಂದ ಜಾರಿಹೋಗುವ ಭಯವುಂಟು. ಊರಿಗೆ ಅಲೆಯಿದ್ದು ಊರಾಚೆಯ ತಾಂಡಾಕ್ಕೆ ಇಲ್ಲದಿದ್ದರೆ, ಕಾಗದದ ಮೇಲೆ ಅದು ಅಲೆಯುಳ್ಳ ಹಳ್ಳಿಯೇ ಆಗುವದು. ಇದನ್ನು ಒಡೆದು ತೋರಿಸಬೇಕಾದರೂ ಅಳತೆಯೇ ಬೇಕು.

ಆಪತ್ಕಾಲಕ್ಕೆ ಮಾತ್ರ ಅಲೆ ಕೊಡುವ ಡ್ರೋನಿನ ಸಿದ್ಧತೆಯನ್ನು ಇಂದೇ ಮಾಡತಕ್ಕದ್ದೆಂದು ನಮ್ಮ ಅಭಿಪ್ರಾಯವು. 2019ರ ಆಗಸ್ಟದಲ್ಲಿ ಮಲಪ್ರಭೆಯು ಕೊಣ್ಣೂರು, ಹೊಳೆಆಲೂರುಗಳ ಸೀಮೆಗೆ ನುಗ್ಗಿದ್ದು ಎಲ್ಲರ ನೆನಪಿನಲ್ಲಿದೆ. ಮುಂಡರಗಿ, ಶಿರಹಟ್ಟಿ ತಾಲೂಕುಗಳ ಅಂಚಿನಲ್ಲಿ ತುಂಗಭದ್ರೆಯೂ ಹರಿಯುತ್ತಾಳೆ. ಮಹಾಪೂರದಲ್ಲಿ ಟವರು ಬೀಳದಿದ್ದರೂ ವಿದ್ಯುತ್ತು ಹೋಗಿ, ಬ್ಯಾಟರಿಯು ತೀರಿ, ಡೀಸೆಲ್ ಒಯ್ಯುವ ದಾರಿಯು ಮುಳುಗಿ ಅದು ಮೂಕವಾಗುವದು. ದೋಣಿಯವರಿಗೆ ಮಾತು ಎಲ್ಲಕ್ಕಿಂತ ಹೆಚ್ಚು ಬೇಕಾದ ಗಳಿಗೆಯಲ್ಲಿಯೇ ಹೀಗಾಗುವದು. ಗದಗಿನ ಜಿಲ್ಲಾ ಕಚೇರಿಯಲ್ಲಿ ತಂತಿ ಕಟ್ಟಿದ ಡ್ರೋನೊಂದು, ಅದನ್ನು ಹೊರುವ ಗಾಡಿ, ಉಪಗ್ರಹದ ಸಂಪರ್ಕ ಪೆಟ್ಟಿಗೆ, ಗಾಳಿ-ಸಿಡಿಲಿನ ದಿವಸಕ್ಕಾಗಿ ಗಾಡಿಯ ಮೇಲೆಯೇ ಏರುವ ಮಡಿಕೆಯ ಕಂಬ, ಮತ್ತು ಇದನ್ನೆಲ್ಲ ನಡಿಸಬಲ್ಲ ನಾಲ್ಕು ಜನ ತರಬೇತಾದ ಹುಡುಗರು ಇದ್ದರೆ ಸಾಕು. ಪೂರವಿಲ್ಲದ ಕಾಲದಲ್ಲಿ ಯಂತ್ರಕ್ಕೆ ತುಕ್ಕು ಹಿಡಿಯದಂತೆ ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಯಂಥ ದೊಡ್ಡ ಜನಜಂಗುಳಿಯಲ್ಲಿ ಅದನ್ನು ಏರಿಸಿ ಅಭ್ಯಾಸ ಮಾಡಬಹುದು.

ಕಟ್ಟುಪಾಡುಗಳ ವಿಷಯದಲ್ಲಿ ಎರಡು ಮಾತು. 2021ರ ಆಗಸ್ಟ್ 25ರಂದು ಹೊರಟ ಡ್ರೋನ್ ನಿಯಮಗಳು ಹಸಿರು ವಲಯವೆಂದು ಗುರುತಿಸಿದ ಸ್ಥಳದಲ್ಲಿ 400 ಅಡಿಯ ವರೆಗಿನ ಹಾರಾಟಕ್ಕೆ ಬೇರೆ ಅಪ್ಪಣೆಯನ್ನು ಬೇಡದಂತೆ ಮಾಡಿದವು. ಆದರೆ ವನ್ಯಜೀವಿ ಧಾಮದ ಮೇಲೆ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಹಾರಿಸುವದು ಸಲ್ಲದು. ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆಯು ರಾಮ್ಸಾರ್ ಪಟ್ಟಿಗೆ ಸೇರಿ ಲೋಕಪ್ರಸಿದ್ಧವಾಯಿತು. ಅಷ್ಟು ದೂರದಿಂದ ನಮ್ಮನ್ನು ನಂಬಿ ಬಂದ ಅತಿಥಿಗಳ ತಲೆಯ ಮೇಲೆ ಗುಂಯ್‌ಗುಡುವ ಯಂತ್ರವನ್ನು ಬಿಡುವದು ನಮ್ಮ ನಾಡಿಗೆ ಶೋಭಿಸದು. ಅಳತೆಯನ್ನು ಅವು ಹೋದ ಮೇಲೆ ಮಾಡಲಿ. ಅಂತೆಯೇ ಅಲೆಯನ್ನು ಅಳೆಯುವ ಡ್ರೋನು ಮನೆಯಂಗಳದ ಹೆಣ್ಣುಮಕ್ಕಳ ಚಿತ್ರ ಹಿಡಿಯತಕ್ಕದ್ದಲ್ಲ. ಯಾವ ದಿವಸ, ಯಾವ ಹೊತ್ತಿಗೆ, ಯಾತಕ್ಕಾಗಿ ಹಾರುವದೆಂಬದನ್ನು ಡಂಗುರ ಸಾರಿಸಿ ತಿಳಿಸಬೇಕು. ಪರವಾನಿಗೆಯಿಲ್ಲದೆ ಅಲೆ ಹೆಚ್ಚಿಸುವ ಪೆಟ್ಟಿಗೆಗಳನ್ನು ಮನೆಗೆ ಹಚ್ಚಿಸಿಕೊಳ್ಳುವವರೂ ಒಂದು ಮಾತು ತಿಳಿಯಬೇಕು: ಅದು ಕಾಯಿದೆಗೆ ವಿರುದ್ಧವು, ತನ್ನ ಮನೆಗೆ ಮಾತು ತರಲು ಹೋಗಿ ಓಣಿಯವರ ಮಾತನ್ನು ಕೆಡಿಸಿದಂತೆ ಆಗುವದು.

ಕೊನೆಗೆ ಜನರ ಕರ್ತವ್ಯವನ್ನು ಹೇಳದೆ ಲೇಖನವನ್ನು ಮುಗಿಸಲಾರೆವು. 1904ರಲ್ಲಿ ಸಹಕಾರ ಕಾಯಿದೆಯು ಬಂದ ಮರುವರುಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿ ದೇಶಕ್ಕೆಲ್ಲ ಮೇಲ್ಪಂಕ್ತಿಯಾದರು. ಸಾಹುಕಾರನ ಕರುಣೆಗಾಗಿ ಅವರು ಕಾಯಲಿಲ್ಲ. ತಮ್ಮ ಅವಶ್ಯಕತೆಯನ್ನು ತಾವೇ ಲೆಕ್ಕ ಹಾಕಿ ಒಟ್ಟುಗೂಡಿದರು. ಅದೇ ಮೇರೆಗೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲೂಕುಗಳ ಪ್ರತಿಯೊಂದು ಗ್ರಾಮ ಪಂಚಾಯತಿಯೂ ತನ್ನ ಸೀಮೆಯಲ್ಲಿ ಯಾವ ಓಣಿ, ಯಾವ ತಾಂಡಾ, ಯಾವ ಹೊಲದಲ್ಲಿ ಮಾತು ಕಡಿಯುವದೆಂಬದನ್ನು ಬರೆದಿಡಲಿ. ಗ್ರಾಮಸಭೆಯಲ್ಲಿ ಠರಾವು ಮಾಡಲಿ. ಆ ಯಾದಿಯನ್ನು ಜಿಲ್ಲಾಧಿಕಾರಿಗಳಿಗೂ ಬಿಎಸ್‌ಎನ್‌ಎಲ್‌ಗೂ ಕಳಿಸಿ, ಡ್ರೋನಿನ ಅಳತೆಯನ್ನು ಹಕ್ಕಿನಿಂದ ಕೇಳಲಿ. ಶಾಲೆಯ ಮಾಸ್ತರರೂ ಕಾಲೇಜಿನ ಹುಡುಗರೂ ಒಂದು ರವಿವಾರವನ್ನು ಇದಕ್ಕಾಗಿ ಕೊಟ್ಟರೆ ಯಾದಿಯು ಸಿದ್ಧವಾಗುವದು.

ಡ್ರೋನು ಟವರಿಗೆ ಬದಲಲ್ಲ. ಟವರು ಎಲ್ಲಿರಬೇಕೆಂದು ತೋರಿಸುವ ಕಣ್ಣು, ಟವರು ಮೂಕವಾದ ದಿವಸಕ್ಕೆ ಎರವಲು ಬಾಯಿ. ಇಷ್ಟನ್ನು ಅರಿತು ಉಪಯೋಗಿಸಿದರೆ ಅದು ನಮ್ಮ ಸೇವಕನಾಗುವದು. ಇಲ್ಲವಾದರೆ, ನಾಳೆ ಆಕಾಶದಿಂದ ಬರುವದೆಂಬ ಹೆಸರಿನಲ್ಲಿ ಇಂದಿನ ಕೆಲಸವನ್ನು ಮುಂದೂಡಲು ಕಚೇರಿಗಳಿಗೆ ದೊರೆತ ಹೊಸ ನೆವವಾಗುವದು. ಗುಡ್ಡವನ್ನು ಕಾಯ್ದ ಜನರಿಗೆ ಗುಡ್ಡದ ನೆರಳೇ ಶಿಕ್ಷೆಯಾಗಬಾರದು. ಬರುವ ಮಳೆಗಾಲದ ಮೊದಲೇ ಅಳತೆಯ ಕೆಲಸವು ಮೊದಲಾಗಬೇಕೆಂದೂ, ಈ ಜಿಲ್ಲೆಯ ಶಾಸಕರು, ಅಧಿಕಾರಿಗಳು ಇದನ್ನು ತಮ್ಮ ಮೊದಲ ಕೆಲಸಗಳಲ್ಲಿ ಎಣಿಸಬೇಕೆಂದೂ ನಾವು ಆಗ್ರಹಪೂರ್ವಕವಾಗಿ ಸೂಚಿಸುತ್ತೇವೆ.